ಜೋಸಿ ಹಾಡಬೇಕಿದ್ದ ಸಾಲು

ಮಲೇಷ್ಯಾಕ್ಕೆ ಹೋಗಿಬಂದವರೆಲ್ಲ ಜೋಡಿ ಗೋಪುರದ ಮುಂದೆ ನಿಂತ ಫೋಟೋ ತರುತ್ತಾರೆ. ನಾನು ತಂದಿರುವುದು ಒಂದು ನಿಮಿಷ ಚಿಲ್ಲರೆಯ ವಿಡಿಯೋ. ಅದರಲ್ಲಿ ಮೊದಲಿನಿಂದ ಕೊನೆಯವರೆಗೆ ಕಾಣುವುದು ನನ್ನ ಮೂಗಿನ ಎಡ ಹೊಳ್ಳೆ ಮಾತ್ರ. ಆದರೂ ನಮ್ಮ ಕಾಲೇಜಿನಲ್ಲಿ ಯಾರ ಬಳಿಯೂ ಅಂಥ ವಿಡಿಯೋ ಇಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಯಾಕೆ ಎಂದು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ನೀವು ಎದ್ದುಹೋಗುತ್ತೀರಿ.

ಬೆಂಗಳೂರು ವಿಮಾನ ನಿಲ್ದಾಣ

ವಿದೇಶ ಪ್ರವಾಸದ ಮೊದಲ ಅವಮಾನ ಸ್ವದೇಶದಲ್ಲೇ ಆಯಿತು. ಅಮ್ಮನ ಕೈಚೀಲ ಎಕ್ಸ್‌ರೇ ಯಂತ್ರದೊಳಗೆ ಹೋದದ್ದು ಹೊರಗೆ ಬರಲಿಲ್ಲ. ನೂರಾರು ಪೊಲೀಸರು ಬಂದೂಕು ಹಿಡಿದು ನಮ್ಮನ್ನು ಸುತ್ತುವರಿದರು. ಸರಿ, ಇಬ್ಬರು. ಅದರಲ್ಲೂ ಒಬ್ಬರು ಆಕಳಿಸುತ್ತಿದ್ದರು. ಇನ್ನೊಬ್ಬರು, ಜಡೆ ಸುತ್ತಿ ಕಟ್ಟಿದ್ದ ಮೇಡಂ, ಚೀಲ ಬಿಚ್ಚಿ ಎರಡು ಟವಲು, ಒಂದು ಚಟ್ನಿಪುಡಿ ಡಬ್ಬ ದಾಟಿ, ಒಳಗಿನಿಂದ ಇಟ್ಟಿಗೆಯಂಥ ಒಂದು ವಸ್ತುವನ್ನು ಎತ್ತಿದರು.

“ಏನ್ರೀ ಇದು?”

“ಟೇಪ್ ರೆಕಾರ್ಡರ್ ಕಣ್ರೀ.”

“ಯಾವ ಕಾಲದ್ದು?”

“ನಮ್ ಕಾಲದ್ದು,” ಎಂದಳು ಅಮ್ಮ, ರಾಜವಂಶದವಳ ಹಾಗೆ.

“ಇಷ್ಟು ಭಾರದ್ದು ಯಾಕಮ್ಮಾ ಹೊತ್ಕೊಂಡ್ ಹೋಗ್ತಿದೀರಾ? ಅಲ್ಲಿ ಸಿಗಲ್ವಾ?”

ಈ ಪ್ರಶ್ನೆ ಕೇಳಬಾರದಿತ್ತು. ಅಮ್ಮ ಅಲ್ಲೇ ನಿಂತು ‘ಲೋವರ್ ಡೆಕ್’ ಚರಿತ್ರೆಯನ್ನು ಶುರು ಮಾಡಿದಳು. ನಮ್ಮ ಹಿಂದೆ ಸಾಲಿನಲ್ಲಿದ್ದವರು ಬೂಟು ಬಿಚ್ಚಿ, ಬೆಲ್ಟು ಬಿಚ್ಚಿ, ಪ್ಯಾಂಟು ಹಿಡಿದುಕೊಂಡು ಕೇಳಿದರು.

ಲೋವರ್ ಡೆಕ್ ಎಂದರೆ ಡೀ, ಮಾರ್ಲಾ, ಜೋಸಿ ಎಂಬ ಮೂರು ಹುಡುಗಿಯರ ಬ್ರಿಟಿಷ್ ಹಾಡಿನ ಗುಂಪು. ರಿದಂ ಆಂಡ್ ಬ್ಲೂಸ್ ಹಾಡುಗಳು. ಮೂವರೂ ಸಿಕ್ಕಿದ್ದು ಡಬಲ್ ಡೆಕರ್ ಬಸ್ಸಿನ ಕೆಳಗಿನ ಅಂತಸ್ತಿನಲ್ಲಂತೆ, ಅದಕ್ಕೇ ಆ ಹೆಸರು. ಮೊದಲ ಆಲ್ಬಂ ಬಂದಾಗ ಊರೂರಲ್ಲಿ ಮೈದಾನ ತುಂಬಿತು. ಎರಡನೆಯದಕ್ಕೆ ಸ್ಟೇಡಿಯಂ. ಮೂರನೆಯದರ ಹೊತ್ತಿಗೆ ಜೋಸಿ ಮುನಿಸಿಕೊಂಡು ಒಂದು ದಿನ ರೆಕಾರ್ಡಿಂಗ್ ಅರ್ಧಕ್ಕೆ ಬಿಟ್ಟು ಎದ್ದುಹೋದವಳು ವಾಪಸ್ಸು ಬರಲಿಲ್ಲ. ಅವಳ ಜಾಗಕ್ಕೆ ಒಬ್ಬಳು ಬಂದಳು, ಅವಳೂ ಹೋದಳು, ಮತ್ತೊಬ್ಬಳು ಬಂದಳು. ಕಂಪನಿಯವರು ಕೈಬಿಟ್ಟರು. ಗುಂಪು ಒಡೆಯಿತು. ಈಗ ಇಪ್ಪತ್ತು ವರ್ಷದ ಮೇಲೆ ಡೀ ಮತ್ತು ಮಾರ್ಲಾ ಇಬ್ಬರೇ ಸೇರಿ ಕ್ವಾಲಾಲಂಪುರಕ್ಕೆ ಬರುತ್ತಿದ್ದಾರೆ. ಅಲ್ಲಿರುವ ನನ್ನ ಚಿಕ್ಕಮ್ಮ ಟಿಕೆಟ್ ತೆಗೆದಿದ್ದಾಳೆ.

“ಹಾಡು ಕೇಳಕ್ಕೆ ಹೋಗೋರಿಗೆ ಟೇಪ್ ರೆಕಾರ್ಡರ್ ಯಾಕೆ?” ಮೇಡಂ ಬಿಡಲಿಲ್ಲ.

ಅಮ್ಮ ಟೇಪ್ ರೆಕಾರ್ಡರಿನ ಮೇಲೆ ಕೈಯಿಟ್ಟಳು. “ಅಲ್ಲಿ ನಮ್ಮಮ್ಮನ ದನಿ ಇದೆ,” ಎಂದಳು.

ಇದನ್ನು ನಾನು ವಿವರಿಸಬೇಕು, ಅಮ್ಮನಿಗೆ ಅಳು ಬರುತ್ತದೆ. ಅಮ್ಮ ಮತ್ತು ಚಿಕ್ಕಮ್ಮ, ಎಂದರೆ ರೂಪಾ ಮತ್ತು ದೀಪಾ, ಕಾಲೇಜಿಗೆ ಹೋಗುತ್ತಿದ್ದಾಗ ತುಮಕೂರಿನ ಮನೆಯಲ್ಲಿ ಟಿವಿಯ ಸ್ಪೀಕರಿಗೆ ಈ ಟೇಪ್ ರೆಕಾರ್ಡರ್ ಒತ್ತಿ ಹಿಡಿದು ಲೋವರ್ ಡೆಕ್ ಹಾಡನ್ನು ಇಳಿಸಿಕೊಂಡಿದ್ದರು. ಉಸಿರು ಬಿಗಿಹಿಡಿದು ಕೂತಿದ್ದಾಗ, ಸರಿಯಾಗಿ ಜೋಸಿ ಒಬ್ಬಳೇ ಹಾಡುವ ಸಾಲಿನ ಮೇಲೆ, ಅಡುಗೆಮನೆಯಿಂದ ಅಜ್ಜಿ ಕೂಗಿದಳು: “ರೂಪೀ, ದೀಪೀ, ಊಟಕ್ಕೆ ಬನ್ರೇ! ಸಾರು ಆರ್ತಿದೆ!” ಹಾಡು ಮತ್ತೆ ಟಿವಿಯಲ್ಲಿ ಬರಲಿಲ್ಲ. ಇವರು ಅದನ್ನೇ ವರ್ಷಗಟ್ಟಲೆ ಕೇಳಿದರು. ಈಗ ಆ ಹಾಡು ಫೋನಿನಲ್ಲೇ ಸಿಗುತ್ತದೆ. ಅಮ್ಮ ಒಂದೇ ಸಲ ಕೇಳಿ, “ಇದ್ರಲ್ಲಿ ಏನೋ ಬಿಟ್ಟೋಗಿದೆ,” ಎಂದು ನಿಲ್ಲಿಸಿದಳು.

ನನಗೆ ಎರಡು ವರ್ಷವಿದ್ದಾಗ ಅಜ್ಜಿಗೆ ಗಂಟಲಿನ ಆಪರೇಷನ್ ಆಯಿತು. ಆಮೇಲೆ ದನಿ ಬರಲಿಲ್ಲ. ಊಟಕ್ಕೆ ಕರೆಯಲು ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದಳು. ನಮ್ಮ ಫೋನುಗಳಲ್ಲಿರುವ ಅಜ್ಜಿಯ ವಿಡಿಯೋಗಳಲ್ಲೆಲ್ಲ ಟಣ್ ಟಣ್ ಸದ್ದೇ. ಹೋದ ವರ್ಷ ಅಜ್ಜಿ ಹೋದಳು. ಅವಳ ದನಿ ಇರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಕ್ಯಾಸೆಟ್ ಇರುವುದು ಚಿಕ್ಕಮ್ಮ ಮಲೇಷ್ಯಾಕ್ಕೆ ಹೊರಟಾಗ ಒಯ್ದ ಪೆಟ್ಟಿಗೆಯಲ್ಲಿ. ಅಮ್ಮ ಪ್ರತಿ ಸಲ ಫೋನಿನಲ್ಲಿ ಕೇಳಿದಾಗಲೂ ಚಿಕ್ಕಮ್ಮ ಹೇಳುವುದು ಒಂದೇ: “ಇದೆ ಅಕ್ಕ, ಆದ್ರೆ ಹಾಕಕ್ಕೆ ಪ್ಲೇಯರ್ ಇಲ್ವಲ್ಲ!”

ಆದ್ದರಿಂದ ಪ್ಲೇಯರನ್ನೇ ಹೊತ್ತು ಹೊರಟಿದ್ದೆವು. ಮೇಡಂ ಅದರ ನಾಲ್ಕು ದಪ್ಪ ಸೆಲ್ಲುಗಳನ್ನು ತೆಗೆದಿಟ್ಟುಕೊಂಡು, ಚಟ್ನಿಪುಡಿಯನ್ನು ಮೂಸಿ ನೋಡಿ, “ಹೋಗ್ಬನ್ನಿ ಅಮ್ಮಾ,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಚಟ್ನಿಪುಡಿಯ ಖಾರವೂ ಇರಬಹುದು.

ಪುಚೊಂಗ್, ಮೊದಲ ದಿನ

ಚಿಕ್ಕಮ್ಮ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಕ್ವಾಲಾಲಂಪುರದ ಪಕ್ಕದ ಈ ಪುಚೊಂಗಿನಲ್ಲಿ ಹದಿನಾಲ್ಕನೇ ಮಹಡಿಯ ಮನೆ. ಬಾಲ್ಕನಿಯಿಂದ ನೋಡಿದರೆ ಲಕ್ಷ ಹೆಂಚಿನ ಮನೆಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನಿಂತಿವೆ. ನಮ್ಮಲ್ಲಿ ಮನೆಗಳು ಟೀ ಅಂಗಡಿಯ ಮುಂದೆ ನಿಂತವರ ಹಾಗೆ ಇರುತ್ತವೆ.

ಚಿಕ್ಕಮ್ಮನ ಮಗಳು, ನನ್ನ ತಂಗಿ ನಿಧಿಗೆ ಹನ್ನೆರಡು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದಕ್ಕೆ ಬಾಲದ ಹಾಗೆ ಒಂದು ‘ಲಾ’. “ನಿಧಿ ಪುಟ್ಟಾ, ಚೆನ್ನಾಗಿದ್ಯಾ?” ಎಂದು ಅಮ್ಮ ಕೇಳಿದರೆ, “ಆಫ್ ಕೋರ್ಸ್ ಲಾ, ದೊಡ್ಡಮ್ಮ,” ಎಂದಿತು. ನಾನು ಒಂದೇ ಗಂಟೆಯಲ್ಲಿ ‘ಲಾ’ ಕಲಿತೆ. ಎರಡನೇ ಗಂಟೆಯಲ್ಲಿ ಅಮ್ಮ, “ಇನ್ನೊಂದ್ ಸಲ ಲಾ ಅಂದ್ರೆ ಇಲ್ಲೇ ಬಿಟ್ಟೋಗ್ತೀನಿ,” ಎಂದಳು. “ಓಕೆ ಲಾ,” ಎಂದೆ.

ಅಮ್ಮ ಚಪ್ಪಲಿ ಬಿಡುವ ಮೊದಲೇ ಪ್ಲೇಯರನ್ನು ಊಟದ ಮೇಜಿನ ಮೇಲೆ ಕುಕ್ಕಿದಳು.

“ತಗೊಳೇ ದೀಪಿ. ಪ್ಲೇಯರ್ ಇಲ್ಲ ಅಂತಿದ್ಯಲ್ಲ.”

ಚಿಕ್ಕಮ್ಮನ ಮುಖ ನಾನು ನೋಡಿದೆ. ಹಲ್ಲಿ ಮೈಮೇಲೆ ಬಿದ್ದವಳ ಹಾಗಿತ್ತು. “ಅಯ್ಯೋ ಅಕ್ಕ, ಈಗ್ತಾನೇ ಬಂದಿದೀಯ. ಮೊದ್ಲು ಮಕಾನ್ ಮಾಡೋಣ,” ಎಂದಳು. ಮಕಾನ್ ಎಂದರೆ ಊಟ. ಚಿಕ್ಕಮ್ಮ ನಮ್ಮನ್ನು ಕೆಳಗಿನ ಮಾಮಾಕ್ ಅಂಗಡಿಗೆ ಹೆಚ್ಚುಕಡಿಮೆ ತಳ್ಳಿಕೊಂಡೇ ಹೋದಳು.

ಮಾಮಾಕ್ ಎಂದರೆ ಗೋಡೆಯಿಲ್ಲದ ಹೋಟೆಲು. ಅಲ್ಲಿನ ರೋಟಿ ಚನಾಯ್ ನಮ್ಮ ಪರೋಟಾವೇ, ವಿದೇಶಕ್ಕೆ ಬಂದು ಹೆಸರು ಬದಲಾಯಿಸಿಕೊಂಡು ಸ್ವಲ್ಪ ಸೊಕ್ಕು ಮಾಡುತ್ತಿದೆ ಅಷ್ಟೆ. ಟೀ ಮಾಡುವವನು ಒಂದು ಕೈ ಆಕಾಶದಲ್ಲಿ, ಇನ್ನೊಂದು ಪಾತಾಳದಲ್ಲಿ ಹಿಡಿದು ಟೀ ಎಳೆಯುತ್ತಾನೆ. ನಾನು ನಾಲ್ಕು ರೋಟಿ ತಿಂದು ಐದನೆಯದನ್ನು ತಪಾವ್ ಮಾಡಿಸಿದೆ, ಅಂದರೆ ಪೊಟ್ಟಣ ಕಟ್ಟಿಸಿದೆ. ಅಮ್ಮ ಮಾತ್ರ ಅರ್ಧ ತಿಂದು, “ಈಗ ಹಾಕೋಣ್ವಾ?” ಎಂದಳು.

“ಸೆಲ್ ಇಲ್ವಲ್ಲ ಅಕ್ಕ. ನಾಳೆ.”

ಸಂಜೆ ನಮ್ಮ ಸೂಟ್‌ಕೇಸನ್ನು ಮೇಲಕ್ಕೇರಿಸುವ ಕೆಲಸ ನನಗೆ ಬಿತ್ತು, ಮನೆಯಲ್ಲೆಲ್ಲ ನಾನೇ ಎತ್ತರ. ಕುರ್ಚಿ ಹತ್ತಿ ಬೀರುವಿನ ಮೇಲೆ ಜಾಗ ಮಾಡುವಾಗ ಹಳೇ ಚಾದರದೊಳಗಿಂದ ಒಂದು ರೊಬಾಟ್ ನನ್ನನ್ನು ನೋಡಿತು. ರಟ್ಟಿನ ಮೈ, ಬಾಟಲಿ ಮುಚ್ಚಳದ ಕಣ್ಣು. ತಲೆ ತುಂಬ ಮಿರಮಿರ ಮಿಂಚುವ ಕಂದು ಕೂದಲು, ಕತ್ತರಿಯಿಂದ ನೀಟಾಗಿ ಬಾಬ್ ಕಟ್ ಮಾಡಿದ್ದು. ಎದೆಗೆ ಒಂದು ಕ್ಯಾಸೆಟ್ ಅಂಟಿಸಿತ್ತು. ಅದರ ಮೇಲೆ ಅಮ್ಮನ ದುಂಡು ಅಕ್ಷರ: ‘ಲೋ. ಡೆ. ಅಳಿಸಬೇಡಿ. ಮುಟ್ಟಲೂಬೇಡಿ. ರೂಪಾ.’

ಕ್ಯಾಸೆಟ್ಟಿನ ಎರಡು ಕಣ್ಣುಗಳೊಳಗೆ ನೋಡಿದೆ. ಖಾಲಿ. ಟೇಪೆಲ್ಲ ತಲೆಯ ಮೇಲಿತ್ತು.

ತಿರುಗಿದರೆ ಬಾಗಿಲಲ್ಲಿ ಚಿಕ್ಕಮ್ಮ.

“ನಿಧಿ ಒಂದನೇ ಕ್ಲಾಸಲ್ಲಿದ್ದಾಗ ಸ್ಕೂಲಿಗೆ ಮಾಡಿದ್ದು,” ಎಂದಳು ಪಿಸುದನಿಯಲ್ಲಿ. “ಥರ್ಡ್ ಪ್ರೈಜ್ ಬಂತು. ಬೈಯಕ್ಕೂ ಆಗ್ಲಿಲ್ಲ, ಬಿಸಾಕಕ್ಕೂ ಆಗ್ಲಿಲ್ಲ. ನಿಮ್ಮಮ್ಮಂಗೆ ಹೇಳ್ಬೇಡ ಕಣೇ ಅನ್ವಿತಾ. ಶೋ ಒಂದು ಆಗ್ಲಿ, ಆಮೇಲೆ ನಾನೇ ಹೇಳ್ತೀನಿ.”

ನಾನು ಸಾಮಾನ್ಯವಾಗಿ ಇಂಥ ಅವಕಾಶ ಬಿಡುವವಳಲ್ಲ. ದಿನಕ್ಕೆರಡು ರೋಟಿ ಚನಾಯ್, ಒಂದು ಬಬಲ್ ಟೀ ಎಂದು ಒಪ್ಪಂದ ಮಾಡಿಕೊಂಡೆ. ಚಿಕ್ಕಮ್ಮ ತಲೆಯಾಡಿಸಿದಳು. ಆದರೆ ಕುರ್ಚಿಯಿಂದ ಇಳಿಯುವ ಮೊದಲು ಆ ಖಾಲಿ ಕ್ಯಾಸೆಟ್ಟನ್ನು ಇನ್ನೊಂದು ಸಲ ಇಣುಕಿ ನೋಡಿದೆ. ಅಜ್ಜಿಯ ದನಿ ಹೇಗಿತ್ತು ಎಂದು ನನಗೂ ಗೊತ್ತಿರಲಿಲ್ಲವಲ್ಲ. ನಾನೂ ಅದಕ್ಕೇ ಬಂದಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೊಂದು ಮರ್ಯಾದೆ ಇದೆ.

ಕ್ಲಾಂಗ್ ಬಂದರು

ಚಿಕ್ಕಪ್ಪನಿಗೆ ಇಲ್ಲಿ ಸರಕು ಸಾಗಣೆಯ ಕೆಲಸ. ಎರಡನೇ ದಿನ ನಮ್ಮನ್ನು ಬಂದರಿನ ಹತ್ತಿರ ಕರೆದುಕೊಂಡು ಹೋಗಿ ದೂರದಿಂದ ಕಂಟೇನರುಗಳನ್ನು ತೋರಿಸಿದರು. ಬೇರೆಯವರು ತಾಜ್‌ಮಹಲ್ ತೋರಿಸುವ ಹಾಗೆ. ಕೆಂಪು, ನೀಲಿ, ಹಸಿರು ಪೆಟ್ಟಿಗೆಗಳು, ಮೋಡಕ್ಕೆ ತಾಗುವಷ್ಟು. ಅವನ್ನು ಎತ್ತುವ ಕ್ರೇನುಗಳು ನೀರು ಕುಡಿಯಲು ಬಂದ ಜಿರಾಫೆಗಳು.

“ನೋಡಿ ಅತ್ತಿಗೆ,” ಎಂದರು ಚಿಕ್ಕಪ್ಪ, “ಪ್ರತಿ ಡಬ್ಬಕ್ಕೂ ಒಂದ್ ನಂಬರ್. ಯಾವ ಡಬ್ಬ ಎಲ್ಲಿದೆ ಅಂತ ಕೂತಲ್ಲೇ ಹೇಳ್ಬಿಡ್ತೀವಿ. ಒಂದೂ ಕಳಿಯಲ್ಲ.”

“ಹಂಗಾದ್ರೆ ನಿಮ್ಮನೇಲಿ ಒಂದ್ ಕ್ಯಾಸೆಟ್ ಹುಡ್ಕಕ್ಕೆ ಎರಡು ದಿನ ಯಾಕೆ ಬೇಕು?” ಎಂದಳು ಅಮ್ಮ.

ಚಿಕ್ಕಪ್ಪ ಚಿಕ್ಕಮ್ಮನನ್ನು ನೋಡಿದರು. ಚಿಕ್ಕಮ್ಮ ನನ್ನನ್ನು ನೋಡಿದಳು. ನಾನು ಜಿರಾಫೆ ನೋಡಿದೆ.

ವಾಪಸ್ಸು ಬರುವಾಗ ಅಮ್ಮ ಕಾರು ನಿಲ್ಲಿಸಿ ಒಂದು ಅಂಗಡಿಯಲ್ಲಿ ತಾನೇ ಸೆಲ್ ಕೊಂಡಳು. ಭಾಷೆ ಬಾರದೆ ಕೈಸನ್ನೆಯಲ್ಲೇ ನಾಲ್ಕು ದಪ್ಪ ಸೆಲ್ ಕೇಳಿದವಳಿಗೆ ಅಂಗಡಿಯವನು ಮೊದಲು ನಾಲ್ಕು ಮೋಂಬತ್ತಿ ಕೊಟ್ಟ. ಅವಳು ಗೆದ್ದ ಖುಷಿಯಲ್ಲಿ ಸೆಲ್ಲುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಆ ದಿನದ ಬಬಲ್ ಟೀ ನನಗೆ ಅರ್ಧ ಕೂಡ ಸೇರಲಿಲ್ಲ.

ಪುಚೊಂಗ್, ಮೂರನೇ ದಿನ

ಬೆಳಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ನಿಧಿ ಒಳಗಿನಿಂದ ರೊಬಾಟನ್ನು ಎತ್ತಿಕೊಂಡು ಬಂದಳು. ಸೂಟ್‌ಕೇಸ್ ಇಡುವಾಗ ನಾನು ಚಾದರ ಸರಿಯಾಗಿ ಮುಚ್ಚಿರಲಿಲ್ಲ. ಪಾಪ, ಅವಳಿಗೆ ಇದಾವುದೂ ಗೊತ್ತಿರಲಿಲ್ಲ.

“ದೊಡ್ಡಮ್ಮ, ಲುಕ್! ಐ ವನ್ ಪ್ರೈಜ್ ಫಾರ್ ದಿಸ್!”

ಅಮ್ಮ ನಗುತ್ತಾ ಕೈಗೆ ತೆಗೆದುಕೊಂಡಳು. ಕೂದಲು ಸವರಿದಳು. ಆಮೇಲೆ ಎದೆಯ ಮೇಲಿನ ಅಕ್ಷರ ಓದಿದಳು. ಉಪ್ಪಿಟ್ಟಿನ ಬಾಣಲೆಯಲ್ಲಿ ಚಿಕ್ಕಮ್ಮ ಚಮಚ ಆಡಿಸುತ್ತಿದ್ದ ಸದ್ದು ನಿಂತಿತು.

“ದೀಪಿ. ಇದೇನೇ?”

“ಅಕ್ಕ, ನಾನ್ ಹೇಳ್ಬೇಕು ಅಂತಾನೇ...”

“ಆರ್ ವರ್ಷದಿಂದ ಇದೆ ಇದೆ ಅಂದ್ಯಲ್ಲೇ! ಅಮ್ಮ ಇದ್ದಾಗ್ಲೇ ಹೇಳ್ಬೋದಿತ್ತಲ್ವಾ?”

“ಅಮ್ಮ ಇದ್ದಾಗ ಅದೊಂದು ಕ್ಯಾಸೆಟ್ ಆಗಿತ್ತು ಅಕ್ಕ,” ಎಂದಳು ಚಿಕ್ಕಮ್ಮ. “ಹೋದ್ರೆ ಹೋಯ್ತು ಅಂದ್ಕೊಂಡೆ. ಅಮ್ಮ ಹೋದ್ಮೇಲೆ ಹೆಂಗ್ ಹೇಳ್ಲಿ? ಮುಖ ನೋಡಕ್ಕೂ ಟೈಮಿಗೆ ಬರಕ್ಕಾಗ್ಲಿಲ್ಲ ನಂಗೆ. ಇದನ್ನೂ ಕಳ್ದೆ ಅಂತ ಹೆಂಗೆ ಹೇಳ್ಲಿ?”

“ಅನ್ವಿತಾಗೆ ಗೊತ್ತಿತ್ತಾ?”

ನಾನು ಉಪ್ಪಿಟ್ಟಿನೊಳಗೆ ಗೋಡಂಬಿ ಹುಡುಕತೊಡಗಿದೆ.

“ಸರಿ. ಎಲ್ಲಾರ್ಗೂ ಗೊತ್ತಿತ್ತು,” ಎಂದು ಅಮ್ಮ ರೊಬಾಟನ್ನು ಮೇಜಿನ ಮೇಲೆ ಇಟ್ಟಳು. ಮೆಲ್ಲಗೇ ಇಟ್ಟಳು, ಮಲಗಿದ ಮಗುವನ್ನು ಇಡುವ ಹಾಗೆ. ಬೈಯಲಿಲ್ಲ, ಅಳಲಿಲ್ಲ. ಅದೇ ಹೆದರಿಕೆ.

“ಇಟ್ಸ್ ಓನ್ಲಿ ಅ ಟೇಪ್ ಲಾ,” ಎಂದಳು ನಿಧಿ ಅಳುಮುಖ ಮಾಡಿಕೊಂಡು. “ಐ ಡೌನ್‌ಲೋಡ್ ದ ಸಾಂಗ್ ಫಾರ್ ಯೂ, ಕ್ಯಾನ್?”

ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವತ್ತಿಡೀ ಅಕ್ಕತಂಗಿಯರು ಮಾತಾಡಿದ್ದು ನಮ್ಮ ಮೂಲಕ. “ಅನ್ವಿತಾ, ನಿನ್ ಚಿಕ್ಕಮ್ಮಂಗೆ ಹೇಳು ಟವಲ್ ಬೇಕು ಅಂತ.” “ನಿಧಿ, ಟೆಲ್ ದೊಡ್ಡಮ್ಮ, ಟವಲ್ ಅಲ್ಲೇ ಇದೆ ಅಂತ.” ಇಬ್ಬರೂ ಎದುರುಬದುರು ಕೂತಿದ್ದರು. ವಿಶ್ವಸಂಸ್ಥೆಯಲ್ಲೂ ನನ್ನಷ್ಟು ದುಡಿದವರಿಲ್ಲ.

ಬಾಂಗ್ಸಾರ್

ನಾಲ್ಕನೇ ದಿನ, ಕ್ವಾಲಾಲಂಪುರದ ಈ ಬಡಾವಣೆಯಲ್ಲಿ ಶೋ. ಅಮ್ಮ ಬರುವುದಿಲ್ಲ ಎಂದಳು. ನಾನು, “ನಾನು ಇಡೀ ಕಾಲೇಜಿಗೆ ಹೇಳ್ಕೊಂಡ್ ಬಂದಿದೀನಿ, ಸ್ಟೇಜ್ ಮೇಲೆ ಅವ್ರ ಜೊತೆ ಹಾಡ್ತೀನಿ ಅಂತ,” ಎಂದು ಕಾಲಿಗೆ ಬಿದ್ದೆ. ಅದು ನಿಜವೂ ಹೌದು, ನನ್ನ ಗೆಳತಿ ಪ್ರೇರಣಾಳಿಗೆ ಹಾಗೇ ಬೊಗಳೆ ಬಿಟ್ಟಿದ್ದೆ. ರೈಲು ಬದಲಿಸಿ ಹೋದೆವು. ಅಕ್ಕ ಒಂದು ತುದಿ, ತಂಗಿ ಇನ್ನೊಂದು ತುದಿ, ನಡುವೆ ನಾನು ಮತ್ತು ನಿಧಿ.

ಸ್ಟೇಡಿಯಂ ತುಂಬಿಸಿದವರ ಶೋ ಎಂದರೆ ನಾನು ಹೊಗೆ, ಬೆಂಕಿ, ಲೇಸರ್ ಎಂದುಕೊಂಡಿದ್ದೆ. ಅದು ಹೋಟೆಲಿನ ಒಂದು ಹಾಲ್. ಮಧ್ಯಾಹ್ನ ಮೂರು ಗಂಟೆ. ದುಂಡು ಮೇಜುಗಳು, ಟೀ ಕೆಟಲು, ಮೂರಂತಸ್ತಿನ ತಟ್ಟೆಯಲ್ಲಿ ಬೆರಳುದ್ದದ ಸ್ಯಾಂಡ್‌ವಿಚ್ಚು. ಸುತ್ತ ಅಮ್ಮನ ವಯಸ್ಸಿನವರೇ. ಎಲ್ಲರೂ ಕಾಲೇಜಿನ ದಿನಗಳ ಬಟ್ಟೆಯೊಳಗೆ ತೂರಿಕೊಳ್ಳಲು ಹೋರಾಡಿ ಸೋತವರ ಹಾಗಿದ್ದರು. “ಮಕಾನ್ ಫಸ್ಟ್, ಡಾನ್ಸ್ ಲೇಟರ್, ಓಕೆ ಲಾ?” ಎಂದು ನಿರೂಪಕ ಕೂಗಿದ.

ಡೀ ಮತ್ತು ಮಾರ್ಲಾ ಬಂದರು. ಮಾರ್ಲಾಳ ಮಂಡಿಗೆ ಪಟ್ಟಿ ಕಟ್ಟಿತ್ತು, ಎತ್ತರದ ಸ್ಟೂಲಿನ ಮೇಲೆ ಕೂತಳು. ಡೀಗೆ ನಮ್ಮ ಲೈಬ್ರರಿ ಮೇಡಮ್ಮಿನ ಕನ್ನಡಕವೇ. ನನಗೆ ನಗು ತಡೆಯಲಾಗಲಿಲ್ಲ. ನಾನು ಫೋನ್ ತೆಗೆದು, ಹಿಂದೆ ಸ್ಟೇಜ್ ಬರುವಂತೆ, ಮುಂದೆ ನನ್ನ ಮುಖ ಬರುವಂತೆ ಹಿಡಿದು, ತುಟಿ ಚೂಪು ಮಾಡಿದೆ.

ಆಮೇಲೆ ಅವರು ಹಾಡಿದರು. ನಾನು ಇಲ್ಲಿ ಒಂದಿಷ್ಟೂ ಉಪ್ಪುಖಾರ ಸೇರಿಸುತ್ತಿಲ್ಲ: ಆ ಇಬ್ಬರ ದನಿ ಒಂದಕ್ಕೊಂದು ಒರಗಿಕೊಂಡಾಗ ಇಡೀ ಹಾಲ್‌ನಲ್ಲಿ ಟೀ ಚಮಚದ ಸದ್ದು ನಿಂತುಹೋಯಿತು. ಮಂಡಿನೋವು ದನಿಗೆ ಬರುವುದಿಲ್ಲವೆಂದು ಅವತ್ತು ಗೊತ್ತಾಯಿತು.

ಕೊನೆಯ ಹಾಡಿಗೆ ಮುಂಚೆ ಡೀ ಮಾತಾಡಿದಳು. ಅವಳ ಇಂಗ್ಲಿಷ್ ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಾವು ಮೂವರಿದ್ದೆವು. ಜೋಸಿ ಎದ್ದುಹೋದ ದಿನ ನಾವು ಅವಳ ಹಿಂದೆ ಹೋಗಲಿಲ್ಲ, ನಾಳೆ ಬರುತ್ತಾಳೆ ಎಂದುಕೊಂಡೆವು. ಪ್ರತಿ ವರ್ಷ ಅವಳ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತೇವೆ, ಅವಳು ಎತ್ತುವುದಿಲ್ಲ. ಈ ಹಾಡಿನಲ್ಲಿ ಅವಳದ್ದೊಂದು ಸಾಲಿದೆ. ಅವಳ ಜಾಗಕ್ಕೆ ಬಂದವರೆಲ್ಲ ಅದನ್ನು ಹಾಡಿದರು, ಯಾರಿಗೂ ಹೊಂದಲಿಲ್ಲ. ಈಗ ನಾವು ಅಲ್ಲಿ ಸುಮ್ಮನಿದ್ದುಬಿಡುತ್ತೇವೆ. ನಿಮಗೆ ನೆನಪಿದ್ದರೆ ನೀವು ಹಾಡಿ.

ಹಾಡು ಶುರುವಾಯಿತು. ಅಮ್ಮ ಅಡುಗೆಮನೆಯಲ್ಲಿ ಗುನುಗುವ ಅದೇ ಹಾಡು. ಅಮ್ಮ ಎಡಗಡೆ ಗೋಡೆ ನೋಡುತ್ತಿದ್ದಳು. ಚಿಕ್ಕಮ್ಮ ಬಲಗಡೆ ಕೆಟಲು ನೋಡುತ್ತಿದ್ದಳು. ಮೊದಲ ಚರಣ ಮುಗಿಯುವಾಗ ನಾನು ಮತ್ತೆ ಫೋನ್ ಎತ್ತಿ ರೆಕಾರ್ಡ್ ಗುಂಡಿ ಒತ್ತಿದೆ. ಎರಡನೆಯದರ ನಡುವೆ ಡೀ, ಮಾರ್ಲಾ ಇಬ್ಬರೂ ಬಾಯಿ ಮುಚ್ಚಿ ಮೈಕನ್ನು ನಮ್ಮ ಕಡೆ ಚಾಚಿದರು. ಇಡೀ ಹಾಲ್ ಜೋಸಿಯ ಸಾಲನ್ನು ಹಾಡಿತು.

ಇಬ್ಬರನ್ನು ಬಿಟ್ಟು.

“ರೂಪೀ, ದೀಪೀ, ಊಟಕ್ಕೆ ಬನ್ರೇ! ಸಾರು ಆರ್ತಿದೆ!”

ಒಬ್ಬರನ್ನೊಬ್ಬರು ನೋಡದೆ, ಮೇಜಿನ ಎರಡು ತುದಿಯಿಂದ, ಒಂದೇ ಉಸಿರಿಗೆ ಇಬ್ಬರೂ ಕೂಗಿದರು. ಅದು ಅಮ್ಮನ ದನಿಯಲ್ಲ. ಚಿಕ್ಕಮ್ಮನ ದನಿಯೂ ಅಲ್ಲ. ಅಮ್ಮನದು ದಪ್ಪ, ಚಿಕ್ಕಮ್ಮನದು ಕೀರಲು. ಈ ದನಿ ಎರಡರ ನಡುವೆ ಎಲ್ಲೋ ಇತ್ತು. ‘ರೂಪೀ’ ಎನ್ನುವಾಗ ಏಣಿ ಹತ್ತಿ, ‘ದೀಪೀ’ ಎನ್ನುವಾಗ ಇಳಿದು, ‘ಬನ್ರೇ’ಯಲ್ಲಿ ಒಂದಿಷ್ಟು ಕೋಪ, ‘ಆರ್ತಿದೆ’ಯಲ್ಲಿ ಕೋಪ ಕರಗಿ ನಗು. ಇಬ್ಬರೂ ಒಂದೇ ಕಡೆ ಏರಿದರು, ಒಂದೇ ಕಡೆ ಇಳಿದರು, ಒಂದೇ ಕಡೆ ಉಸಿರು ತೆಗೆದುಕೊಂಡರು. ಆ ಉಸಿರು ಕೂಡ ಅವರದಾಗಿರಲಿಲ್ಲ.

ಪಕ್ಕದ ಮೇಜಿನವರು ತಿರುಗಿದರು. ನಿಧಿ ಕೆಳಗೆ ಅವಿತುಕೊಂಡಳು. ನಾನು ಏನು ಮಾಡಿದೆನೋ ಗೊತ್ತಿಲ್ಲ, ನೋಡಿದರೆ ನನ್ನ ಕೈಯಲ್ಲಿ ಚಮಚ ಇತ್ತು, ಕೇಕಿನ ತಟ್ಟೆಗೆ ಟಣ್ ಟಣ್ ಎಂದು ಬಡಿಯುತ್ತಿದ್ದೆ. ವೇಟರ್ ಓಡಿಬಂದು ಇನ್ನೊಂದು ತಟ್ಟೆ ಸ್ಯಾಂಡ್‌ವಿಚ್ ಇಟ್ಟು ಹೋದ.

“ದೀಪಿ,” ಎಂದಳು ಅಮ್ಮ. ನೇರವಾಗಿ, ಒಂದೂವರೆ ದಿನದ ಮೇಲೆ. “ನಿಂಗೂ ಹಂಗೇ ನೆನಪಿದ್ಯೇನೇ?”

“ಹಂಗೇ ಅಕ್ಕ. ದಿನಾ ಕಾಲೇಜಿಗೆ ಹೋಗೋವಾಗ ಒಂದ್ಸಲ ಮನಸ್ಸಲ್ಲೇ ಹೇಳ್ಕೋತೀನಿ. ಮರ್ತೋದ್ರೆ ಅಂತ ಭಯ.”

“ನಾನು ಕುಕ್ಕರ್ ಕೂಗೋವಾಗ ಹೇಳ್ಕೋತೀನಿ. ಯಾರ್ಗೂ ಕೇಳ್ಸಲ್ಲ ಅಂತ.”

“ಅಮ್ಮಂಗೆ ನಿನ್ ಮೇಲೇ ಪ್ರೀತಿ ಜಾಸ್ತಿ. ಅದಕ್ಕೇ ನಿನ್ ಹೆಸ್ರು ಮೊದ್ಲು.”

“ಹೋಗೇ! ನಾನು ಬೇಗ ಎದ್ದು ಬರ್ತಿರ್ಲಿಲ್ಲ, ಅದಕ್ಕೆ ಮೊದ್ಲು.”

ಹಾಡು ಮುಗಿದು ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ನಿಧಿ ಮೇಜಿನ ಕೆಳಗಿಂದ ತಲೆ ಎತ್ತಿ, “ಫಿನಿಷ್ ಆಲ್ರೆಡಿ?” ಎಂದಳು. ಸ್ಟೇಜಿನ ಮೇಲೆ ಡೀ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಳು. ಅವಳ ಜೊತೆ ಹಾಡುವುದು ನನಗೆ ಮರೆತೇಹೋಯಿತು.

ತುಮಕೂರು

ಪ್ಲೇಯರ್ ಪುಚೊಂಗಿನಲ್ಲೇ ಉಳಿಯಿತು, ಅಮ್ಮ ಕೊಂಡ ಸೆಲ್ಲುಗಳ ಸಮೇತ. ಬದಲಿಗೆ ರೊಬಾಟ್ ಅಮ್ಮನ ಕೈಚೀಲದಲ್ಲಿ ಬಂತು. ಕ್ವಾಲಾಲಂಪುರದ ಎಕ್ಸ್‌ರೇ ಯಂತ್ರದವನು ಅದನ್ನು ಎತ್ತಿ, ತಿರುಗಿಸಿ, ಅದರ ಕೂದಲು ಮುಟ್ಟಿ ನೋಡಿದ. ಅಮ್ಮ ಮತ್ತೆ ಚರಿತ್ರೆ ಶುರು ಮಾಡುವ ಮೊದಲು ನಾನೇ, “ಫ್ಯಾಮಿಲಿ ಮೆಂಬರ್ ಲಾ,” ಎಂದೆ. ಈಗ ಅದು ನಮ್ಮ ಟಿವಿಯ ಪಕ್ಕದಲ್ಲಿ ನಿಂತಿದೆ. ಧೂಳು ಒರೆಸುವಾಗ ಅಮ್ಮ ಅದರ ಬಾಬ್ ಕಟ್ ಸರಿಮಾಡುತ್ತಾಳೆ.

ಪ್ರೇರಣಾ ಕಾಲೇಜಿನ ಗೇಟಲ್ಲೇ ಹಿಡಿದಳು. “ಎಲ್ಲೇ, ಸ್ಟೇಜ್ ಮೇಲೆ ಹಾಡಿದ ವಿಡಿಯೋ?”

“ಹಾಡಿದ್ದು ನಾನಲ್ಲ,” ಎಂದೆ. ನನ್ನ ಬಾಯಿಂದ ಅಂಥ ಮಾತು ಕೇಳಿ ಅವಳು ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು.

ವಿಡಿಯೋದಲ್ಲಿ ನನ್ನ ಮೂಗಿನ ಹೊಳ್ಳೆಯಿದೆ ಎಂದೆನಲ್ಲ. ಸೆಲ್ಫಿ ಕ್ಯಾಮೆರಾ ಬದಲಿಸದೆ ಫೋನನ್ನು ಗಲ್ಲದ ಕೆಳಗೇ ಹಿಡಿದುಬಿಟ್ಟಿದ್ದೆ. ಆದರೆ ದನಿ ಸ್ಪಷ್ಟವಾಗಿದೆ. ಹಿಂದೆ ಇಡೀ ಹಾಲ್ ಜೋಸಿಯ ಸಾಲು ಹಾಡುತ್ತಿದೆ, ಮುಂದೆ ಅಜ್ಜಿ ಊಟಕ್ಕೆ ಕರೆಯುತ್ತಿದ್ದಾಳೆ. ಅದನ್ನು ನಾನು ಎಲ್ಲೂ ಹಾಕಿಲ್ಲ. ಚಿಕ್ಕಮ್ಮನಿಗೆ ಕಳಿಸಿದೆ. ನಿಧಿ ಅದನ್ನು ಮೂರು ಕಡೆ ಕಾಪಿ ಮಾಡಿಟ್ಟಿದ್ದಾಳಂತೆ, ಯಾರೂ ಹೇಳದೆ.

ಇದನ್ನು ಬರೆಯುತ್ತಾ ರೂಮಿನಲ್ಲಿ ಕೂತಿದ್ದೆ. ಅಡುಗೆಮನೆಯಿಂದ ಅಮ್ಮ ಕೂಗಿದಳು, “ಅನ್ವೀ, ಊಟಕ್ಕೆ ಬಾರೇ!”

ಸಾಮಾನ್ಯವಾಗಿ ನಾನು ಮೂರನೇ ಕೂಗಿಗೆ ಏಳುವವಳು. ಅವತ್ತೂ ಏಳಲಿಲ್ಲ. ಫೋನಿನಲ್ಲಿ ಕೆಂಪು ಗುಂಡಿ ಒತ್ತಿ, ಬಾಗಿಲ ಸಂದಿಯಲ್ಲಿ ಹಿಡಿದು, ಅಮ್ಮ ಇನ್ನೊಂದು ಸಲ ಕರೆಯಲಿ ಎಂದು ಉಸಿರು ಬಿಗಿಹಿಡಿದು ಕಾದೆ.